ಹಾಡಿನಲ್ಲೂ ಕಳ್ಳತೂಕವೇ?

ಬೆಳಗಿನ ಬಸ್ಸು ರೂಪನಗುಡಿ ಬಿಟ್ಟು ಬಳ್ಳಾರಿ ದಾರಿ ಹಿಡಿದಿತ್ತು. ಕೂತವರಿಗಿಂತ ನಿಂತವರೇ ಹೆಚ್ಚು. ಹಿಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ಯಾವುದೋ ದೂರದ ಊರಿನ ರೇಡಿಯೋ ಹಚ್ಚಿದ್ದ. ಹಳೇ ಕನ್ನಡ ಸಿನೆಮಾ ಹಾಡು. ನನ್ನ ಪಕ್ಕದಲ್ಲಿದ್ದ ಹಿರಿಯರು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವರು. ತೊಡೆ ಮೇಲೆ ತಾಳ ಹಾಕುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು.

'ಏನಪಾ ಇದು, ಹಾಡು ಓಡಾಕ ಹತ್ತೈತಲ್ಲ? ಬಿಳಿ ಒಂದಕ್ಕೂ ಕೂಡವಲ್ದು, ಕಪ್ಪು ಒಂದಕ್ಕೂ ಕೂಡವಲ್ದು!' ಅಂದರು.

ಬಸ್ಸಿನ ಗದ್ದಲದಲ್ಲಿ ಕೇಳಿದ್ದನ್ನೇ ಸಾಕ್ಷಿ ಮಾಡಿಕೊಂಡು ಯಾವ ಸ್ಟೇಷನ್ನಿನ ಕಡೆಗೂ ಬೆರಳು ತೋರಿಸುವುದಿಲ್ಲ. ಆದರೆ ಮಾಸ್ತರರ ಕಿವಿ ಹೇಳಿದ ಕೈಚಳಕ ಜಗತ್ತಿನಲ್ಲಿ ಇರುವುದಂತೂ ಸುಳ್ಳಲ್ಲ.

ಈಗ ಬಹಳಷ್ಟು ಸ್ಟೇಷನ್‌ಗಳಲ್ಲಿ ಹಾಡು ಹಚ್ಚುವುದು ಕಂಪ್ಯೂಟರ್. ಒಂದು ತಾಸಿಗೆ ಇಷ್ಟು ಹಾಡು, ಇಷ್ಟು ಜಾಹೀರಾತು, ಇಷ್ಟು ಮಾತು ಎಂದು ಮೊದಲೇ ಪಟ್ಟಿ ತುಂಬಿರುತ್ತಾರೆ. ಪಟ್ಟಿ 60 ನಿಮಿಷ ದಾಟಿದರೆ ಹಾಡುಗಳನ್ನು ಚೂರು ಚೂರು ಹಿಂಡಿ ಅಳತೆಗೆ ಕೂರಿಸುವ ಸಾಫ್ಟ್‌ವೇರ್ ಉಂಟು. ಇದಕ್ಕೆ ಎರಡು ದಾರಿ. ಒಂದು, ತಟ್ಟೆಯನ್ನೇ ಜೋರಾಗಿ ತಿರುಗಿಸಿದ ಹಾಗೆ. ಆಗ ಶ್ರುತಿಯೂ ಏರುತ್ತದೆ. ಸುಮಾರು ಶೇಕಡ 6ರಷ್ಟು ವೇಗ ಹೆಚ್ಚಿದರೆ ಬಿಳಿ ಒಂದರ ಹಾಡು ಕಪ್ಪು ಒಂದಕ್ಕೆ ಹತ್ತುತ್ತದೆ. ಶೇಕಡ 3 ಆದರೆ ಎರಡು ಮನೆಗಳ ನಡುವೆ ನೇತಾಡುತ್ತದೆ. ಮಾಸ್ತರರಿಗೆ ಸಿಟ್ಟು ಬಂದದ್ದು ಅದಕ್ಕೇ. ಇನ್ನೊಂದು ದಾರಿ ಇನ್ನೂ ಜಾಣತನದ್ದು: ಶ್ರುತಿ ಇದ್ದಲ್ಲೇ ಇರುತ್ತದೆ, ಹಾಡು ಮಾತ್ರ ಓಡುತ್ತದೆ. ಅದನ್ನು ಹಿಡಿಯಲು ಮಾಸ್ತರರ ಹಾರ್ಮೋನಿಯಮ್ಮಿಗೂ ಆಗದು.

ಇದು ಹೊಸ ವಿದ್ಯೆಯೇನಲ್ಲ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಸ್ಟೇಷನ್ ದಶಕಗಳ ಹಿಂದೆಯೇ ರೆಕಾರ್ಡುಗಳನ್ನು ತುಸು ಜೋರಾಗಿ ತಿರುಗಿಸುವುದಕ್ಕೆ ಹೆಸರಾಗಿತ್ತು. ಜೋರು ಹಾಡು ಕೇಳಿದ ಕಿವಿಗೆ ಪಕ್ಕದ ಸ್ಟೇಷನ್ನಿನ ಅದೇ ಹಾಡು ಸಪ್ಪೆ ಅನ್ನಿಸುತ್ತದೆ! 1975ರಲ್ಲಿ ಶ್ರುತಿಯನ್ನು ಸರಿಪಡಿಸುವ ಈವೆಂಟೈಡ್ ಕಂಪನಿಯ ಯಂತ್ರವೂ ಬಂತು. ಅಂದು ದುಬಾರಿ ಪೆಟ್ಟಿಗೆ ಮಾಡುತ್ತಿದ್ದ ಕೆಲಸಕ್ಕೆ ಇಂದು ಒಂದು ಬಟನ್ ಸಾಕು.

ಲಾಭ ಎಷ್ಟು? ಈ ಲೆಕ್ಕಕ್ಕೆ ಪಿಯುಸಿ ಪಾಸಾಗಿರಬೇಕಿಲ್ಲ. ಅರ್ಧಕ್ಕೆ ಬಿಟ್ಟವರೂ ಮಾಡಬಹುದು. ತಾಸಿನಲ್ಲಿ 45 ನಿಮಿಷ ಹಾಡು ಇದ್ದು, ಶೇಕಡ 3ರಷ್ಟು ಓಡಿಸಿದರೆ ಸುಮಾರು 79 ಸೆಕೆಂಡು ಉಳಿಯುತ್ತದೆ. ಅರ್ಧ ನಿಮಿಷದ ಎರಡು ಜಾಹೀರಾತಿಗೆ ಜಾಗ ಆಯಿತು. ದಿನಕ್ಕೆ 16 ತಾಸು ಹೀಗೇ ನಡೆದರೆ 32 ಜಾಹೀರಾತು. ಇಷ್ಟು ವ್ಯಾಪಾರಕ್ಕೆ ಬಂಡವಾಳ ಯಾರದು? ಹಾಡಿದವರ ಉಸಿರು!

ಅಂಗಡಿಕಾರ ಬಂಧುಗಳೇ, ನಿಮ್ಮ ತಕ್ಕಡಿಯ ಭಾಷೆಯಲ್ಲೇ ಹೇಳುತ್ತೇನೆ. ಇದು ಕೆ.ಜಿ.ಗೆ ಹತ್ತಿರ ಹತ್ತಿರ 30 ಗ್ರಾಂ ಹೊಡೆದ ಹಾಗೆ. ಸಂತೆಯಲ್ಲಿ ಬೇಳೆ ತೂಗುವವನು ಈ ಕೆಲಸ ಮಾಡಿದರೆ ತೂಕ-ಅಳತೆ ಇಲಾಖೆಯವರು ಬಂದು ದಂಡ ಹಾಕುತ್ತಾರೆ. ಗಾಳಿಯಲ್ಲಿ ತೂಗುವವನಿಗೆ ತಕ್ಕಡಿಯೂ ಇಲ್ಲ, ಇನ್‌ಸ್ಪೆಕ್ಟರೂ ಇಲ್ಲ.

'ಹಿಂದೆಯೂ ಹಾಡು ಎಳೆದಾಡುತ್ತಿರಲಿಲ್ಲವೇ?' ಎನ್ನಬಹುದು. ನಿಜ. ಗ್ರಾಮಫೋನಿನ ಕೀಲಿ ಸಡಿಲಾದರೆ ಹಾಡು ಆಕಳಿಸುತ್ತಿತ್ತು. ಟೇಪ್‌ರೆಕಾರ್ಡರಿನ ಬೆಲ್ಟ್ ಹಳತಾದರೆ ಗಾಯಕರಿಗೆ ನೆಗಡಿಯಾದ ಹಾಗೆ ಕೇಳುತ್ತಿತ್ತು. ಅದು ಯಂತ್ರದ ದೋಷ, ಎಲ್ಲರಿಗೂ ಗೊತ್ತಾಗುತ್ತಿತ್ತು. 78 ಸುತ್ತಿನ ತಟ್ಟೆಯಲ್ಲಿ ಮೂರು ನಿಮಿಷ ಚಿಲ್ಲರೆಯೇ ಜಾಗ. ಅದಕ್ಕೆ ತಕ್ಕಂತೆ ಹಾಡುವವರೇ ಹಾಡನ್ನು ಕತ್ತರಿಸಿಕೊಂಡರು. ಈಗ ಕತ್ತರಿ ಹಿಡಿದವನು ಬೇರೆ. ಹಾಡಿದವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ.

ಹಾಗಾದರೆ ಕಾನೂನು ಏನನ್ನುತ್ತದೆ? 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. 38ಬಿ ಕಲಮಿನ ಪ್ರಕಾರ, ತನ್ನ ಹೆಸರಿಗೆ ಕುಂದು ಬರುವಂತೆ ಹಾಡನ್ನು ವಿಕಾರ ಮಾಡಿದರೆ ತಡೆಯುವ ಹಕ್ಕು ಹಾಡಿದವರಿಗೆ ಇದೆ. ಆದರೆ ಅದೇ ಕಲಮಿನ ಕೆಳಗೆ ಒಂದು ವಿವರಣೆ: ಸಮಯದ ಮಿತಿಗೆ ಕೂರಿಸಲು ಒಂದು ಭಾಗ ತೆಗೆದರೆ, ಬರೀ ತಾಂತ್ರಿಕ ಕಾರಣಕ್ಕೆ ಬದಲಾಯಿಸಿದರೆ ಅದು ಕುಂದಲ್ಲವಂತೆ! ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗಾಯಿತು. ಕಾಯ್ದೆಯ ಲೈಸೆನ್ಸ್ ಮೇಲೆ ಹಾಡು ಹಚ್ಚುವವರಿಗೆ 31ಡಿ ಕಲಂ ಇದೆ. ಪ್ರಸಾರದ ಅನುಕೂಲಕ್ಕೆ ಹಾಡನ್ನು ಚಿಕ್ಕದು ಮಾಡಬಹುದು, ಪ್ರಸಾರಕ್ಕೆ ತಾಂತ್ರಿಕವಾಗಿ ಅಗತ್ಯವಲ್ಲದ ಬೇರೆ ಬದಲಾವಣೆಗೆ ಹಕ್ಕುದಾರರ ಒಪ್ಪಿಗೆ ಬೇಕು ಎನ್ನುತ್ತದೆ. ಚರಣ ಬಿಡುವುದು ಚಿಕ್ಕದು ಮಾಡುವುದು, ಸರಿ. ಇಡೀ ಹಾಡನ್ನು ಓಡಿಸುವುದೂ ಅಷ್ಟೇ ಏನು? ನಮ್ಮ ಮತದಲ್ಲಿ ಅಲ್ಲ. ಬರೆದವರ, ಮುಖ್ಯ ಕಲಾವಿದರ ಹೆಸರು ಹೇಳಬೇಕು ಎಂದೂ ಅದೇ ಕಲಂ ಹೇಳುತ್ತದೆ. ಹೆಸರು ಹೇಳಲು ಹಿಡಿಯುವುದು ಐದಾರು ಸೆಕೆಂಡು!

ಈ ಮಾತು ಬಳ್ಳಾರಿಗೆ ಯಾಕೆ? 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು 234 ಊರುಗಳಲ್ಲಿ ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿತು. ಆ ಪಟ್ಟಿಯಲ್ಲಿ ಬಳ್ಳಾರಿಯೂ ಇದೆ, ಹೊಸಪೇಟೆಯೂ ಇದೆ. ಸ್ಟೇಷನ್ ಬಂದ ದಿನ ಮೊದಲು ಬಾಗಿಲು ತಟ್ಟುವುದು ನಮ್ಮ ಅಂಗಡಿಗಳದ್ದೇ: 'ಅಣ್ಣಾ, ಒಂದು ಜಾಹೀರಾತು ಕೊಡ್ರಿ.' ಕೊಡಿ, ಬೇಡ ಅನ್ನುವುದಿಲ್ಲ. ಪುಕ್ಕಟೆ ರೇಡಿಯೋ ನಡೆಯುವುದೇ ಜಾಹೀರಾತಿನ ಮೇಲೆ. ಆದರೆ ಕೊಡುವ ಮುಂಚೆ ಎರಡು ಮಾತು ಕೇಳಿ: ಹಾಡನ್ನು ಓಡಿಸುತ್ತೀರಾ? ನನ್ನ ಜಾಹೀರಾತನ್ನೂ ಓಡಿಸುತ್ತೀರಾ? ಅರ್ಧ ನಿಮಿಷಕ್ಕೆ ದುಡ್ಡು ಎಣಿಸುವವನಿಗೆ ಅರ್ಧ ನಿಮಿಷ ಪೂರ್ತಿ ಸಿಗಬೇಕು.

ಸರಕಾರವೂ ಲೈಸೆನ್ಸಿನಲ್ಲಿ ಒಂದು ಸಾಲು ಸೇರಿಸಲಿ: ಹೊತ್ತು ಸಾಲದಿದ್ದರೆ ಹಾಡನ್ನು ನಡುವೆ ಇಳಿಸಿ ನಿಲ್ಲಿಸಬೇಕು, ಓಡಿಸಬಾರದು. ವಾರ್ತೆಯ ಹೊತ್ತಾದಾಗ ಆಕಾಶವಾಣಿಯವರು ಹಾಡಿನ ದನಿ ಮೆಲ್ಲಗೆ ತಗ್ಗಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಬೇಸರವಾಗುತ್ತಿತ್ತು, ಮೋಸ ಅನ್ನಿಸುತ್ತಿರಲಿಲ್ಲ.

ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾಸ್ತರರು ಅಂದರು: 'ಬಸ್ಸು ಅರ್ಧ ತಾಸು ಲೇಟು, ಹಾಡು ಮಾತ್ರ ಮೊದಲೇ ಬಂದು ಮುಟ್ಟೈತಿ ನೋಡು.'