ಕೆಲಸ ಖಾಯಂ, ಕೆಲಸಗಾರ ಮಾತ್ರ ಟೆಂಪರರಿ



ಯಶವಂತಪುರ ಸ್ಟೇಷನ್ನಿಗೆ ದೂರದ ರೈಲು ಬಂದು ನಿಂತಾಗ ಒಮ್ಮೆ ಹೋಗಿ ನೋಡಿ. ಹೆಗಲಿಗೊಂದು ಬ್ಯಾಗು, ಜೇಬಲ್ಲಿ ಮೇಸ್ತ್ರಿಯ ಫೋನ್ ನಂಬರು, ಕಣ್ಣಲ್ಲಿ ನಿದ್ದೆ. ನಮ್ಮ ವಯಸ್ಸಿನ ಹುಡುಗರೇ. ಅವರನ್ನು ನೋಡಿ ನಮ್ಮ ಹಾಸ್ಟೆಲಿನ ಕೆಲವರು ಹೇಳುವುದೇನು? "ಇವರು ಬಂದು ನಮ್ಮ ಕೆಲಸ ಕಿತ್ಕೊಂಡ್ರು. ರೂಲ್ಸು ಬಿಗಿ ಮಾಡಿ ವಾಪಸ್ ಕಳಿಸ್ಬೇಕು."

ಹಾಗೆ ಹೇಳುವ ಮೊದಲು ಒಂದು ದ್ವೀಪದ ಕಥೆ ಕೇಳಿ. ಅದರ ಕೊನೆಯ ಅಧ್ಯಾಯ ನಡೆದದ್ದು ನಮ್ಮ ಕರ್ನಾಟಕದಲ್ಲೇ, ಸುಳ್ಯ ಪುತ್ತೂರುಗಳ ರಬ್ಬರ್ ತೋಟಗಳಲ್ಲಿ.

ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರಿಗೆ ಸಿಲೋನಿನ ಗುಡ್ಡಗಳಲ್ಲಿ ಕಾಫಿ, ಆಮೇಲೆ ಟೀ ಬೆಳೆಯಬೇಕಾಯಿತು. ಕೂಲಿಗೆ ಯಾರನ್ನು ಕರೆದರು? ತಮಿಳು ಸೀಮೆಯ ಬರಗಾಲದ ಹಳ್ಳಿಗಳಿಂದ ನೆಲವಿಲ್ಲದವರನ್ನು. ಅವರಲ್ಲಿ ಪಳ್ಳರು, ಪರೆಯರು, ಚಕ್ಕಿಲಿಯರು ಬಹಳ. ಅಂದರೆ ನಮ್ಮ ಜನ. ಕಂಗಾಣಿ ಎಂಬ ಮೇಸ್ತ್ರಿ ಮುಂಗಡ ಕೊಟ್ಟು ಹಡಗು ಹತ್ತಿಸಿದ. ತೋಟ ಮುಟ್ಟುವ ಹೊತ್ತಿಗೆ ಸಾಲ ಕತ್ತಿಗೆ ಬಿದ್ದಿತ್ತು. ಸಾಲದ ಲೆಕ್ಕ ಬರೆದ ಚೀಟಿಗೆ 'ತುಂಡು' ಅನ್ನುತ್ತಿದ್ದರು. ಆ ತುಂಡು ಕಾಗದ ಇಲ್ಲದೆ ಇನ್ನೊಂದು ತೋಟಕ್ಕೆ ಹೋಗುವ ಹಾಗಿಲ್ಲ. ಈ ಪದ್ಧತಿ ರದ್ದಾಗಿದ್ದು 1921ರಲ್ಲಿ.

ಲೈನ್ ಮನೆಗಳಲ್ಲಿ ಹುಟ್ಟಿ, ಲೈನ್ ಮನೆಗಳಲ್ಲೇ ಸತ್ತರು. ಮೂರು ತಲೆಮಾರು ಕಳೆಯಿತು. ಟೀ ಮಾರಿದ ದುಡ್ಡು ಲಂಡನ್ನಿಗೂ ಕೊಲಂಬೋಗೂ ಹೋಯಿತು. 1947ರ ಚುನಾವಣೆಯಲ್ಲಿ ಈ ಜನ ವೋಟು ಹಾಕಿ ತಮ್ಮವರು 7 ಜನರನ್ನು ಪಾರ್ಲಿಮೆಂಟಿಗೆ ಕಳಿಸಿದರು. ಅಷ್ಟೇ ಸಾಕಾಯಿತು. 1948ರಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಪೌರತ್ವದ ಕಾನೂನು ಬದಲಾಯಿತು. ಅಪ್ಪ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸು, ಇಲ್ಲವೇ ಅಜ್ಜ ಮುತ್ತಜ್ಜ ಇಬ್ಬರೂ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸು. ಕೂಲಿ ಲೈನಿನಲ್ಲಿ ಹುಟ್ಟಿದ ಮಗುವಿಗೆ ಯಾರಪ್ಪ ಸರ್ಟಿಫಿಕೇಟು ಬರೆದುಕೊಟ್ಟಿದ್ದರು? ಮರುವರ್ಷ ವೋಟೂ ಹೋಯಿತು. ಲಕ್ಷಾಂತರ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಟೀ ಎಲೆ ಕೀಳುವ ಕೆಲಸ ಮಾತ್ರ ನಿಲ್ಲಲಿಲ್ಲ.

1964ರ ಅಕ್ಟೋಬರಿನಲ್ಲಿ ಶಾಸ್ತ್ರಿ, ಸಿರಿಮಾವೋ ಇಬ್ಬರು ಪ್ರಧಾನಿಗಳು ಕೂತು ಒಪ್ಪಂದ ಮಾಡಿದರು. 9,75,000 ಜನರ ಲೆಕ್ಕ. 5,25,000 ಜನ ಇಂಡಿಯಾಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ವಿಚಾರ ಆಮೇಲೆ. 1974ರಲ್ಲಿ ಅವರನ್ನೂ 75,000 ಅಂತ ಸರಿಸಮ ಭಾಗ ಮಾಡಿದರು. ಸಂತೆಯಲ್ಲಿ ದನ ಹಂಚಿಕೊಂಡ ಹಾಗೆ. ಅಲ್ಲೇ ಉಳಿದವರಿಗೆ ಪೌರತ್ವ ಪೂರ್ತಿ ಸಿಗುವ ಕಾನೂನು ಬಂದದ್ದು 2003ರಲ್ಲಿ.

ಇಂಡಿಯಾಕ್ಕೆ ಕಳಿಸಿದವರಲ್ಲಿ ಒಂದಷ್ಟು ಕುಟುಂಬಗಳು ದಕ್ಷಿಣ ಕನ್ನಡಕ್ಕೆ ಬಂದವು. ಸುಳ್ಯ ಪುತ್ತೂರಿನ ಕಡೆ ಸರ್ಕಾರದ್ದೇ ರಬ್ಬರ್ ತೋಟ. ಈಗ ಅದು ಅರಣ್ಯ ಅಭಿವೃದ್ಧಿ ನಿಗಮದ್ದು. ಟೀ ಕೀಳುತ್ತಿದ್ದ ಕೈಗೆ ರಬ್ಬರ್ ಹಾಲು ಇಳಿಸುವ ಕತ್ತಿ ಬಂತು. ಮನೆ? ಮತ್ತೆ ಅದೇ ಸಾಲುಮನೆ.

ಈಗ ನಮಗೆ ನೇರ ತಾಗುವ ಮಾತು. ಈ ಮನೆಗಳ ಮಕ್ಕಳು ಓದಿ ಮೇಲೆ ಬಂದಾಗ ಜಾತಿ ಸರ್ಟಿಫಿಕೇಟಿಗೆ ವರ್ಷಗಟ್ಟಲೆ ಅಲೆದರು. ಅದು ಇಲ್ಲದೆ ಹಾಸ್ಟೆಲ್ ಸೀಟಿಲ್ಲ, ಸ್ಕಾಲರ್‌ಶಿಪ್ ಇಲ್ಲ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು. ಆ ದಿನ ನಿನ್ನ ಹಿರಿಯರು ಎಲ್ಲಿ ವಾಸವಿದ್ದರು ಅನ್ನೋದು ಕಚೇರಿಯ ಪ್ರಶ್ನೆ. ಆ ದಿನ ಅವರು ಸಿಲೋನಿನಲ್ಲಿ ಟೀ ಕೀಳುತ್ತಿದ್ದರು! ಅಲ್ಲಿ ಮುತ್ತಜ್ಜನ ಕಾಗದ ಇಲ್ಲ ಅಂತ ಹೊರಗೆ ಹಾಕಿದರು. ಇಲ್ಲಿಯೂ ಅಜ್ಜನ ಕಾಗದ ಕೇಳಿದರು. ಜಾತಿಯಿಂದ ಬಂದ ಬಡತನ ಮಾತ್ರ ಯಾವ ಕಾಗದವನ್ನೂ ಕೇಳದೆ ಸಮುದ್ರ ದಾಟಿ ಹೋಯಿತು, ದಾಟಿ ವಾಪಸ್ಸೂ ಬಂತು.

"ಹೊರಗಿನವರಿಗೂ ಕೊಟ್ಟರೆ ನಮ್ಮ ಪಾಲು ಕಮ್ಮಿಯಾಗಲ್ವಾ?" ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಆ ಸವಲತ್ತು ಕೇಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿದೆ. ಆದರೆ ಇವರು ತಾವಾಗಿ ರಾಜ್ಯ ಬದಲಿಸಿ ಬಂದವರಲ್ಲ. ಎರಡು ಸರ್ಕಾರಗಳು ಒಪ್ಪಂದ ಮಾಡಿ ಕರೆತಂದು ಸರ್ಕಾರಿ ತೋಟದ ಕೆಲಸಕ್ಕೆ ಹಾಕಿದ ಜನ. ಪಳ್ಳನ್, ಪರೆಯನ್, ಚಕ್ಕಿಲಿಯನ್ ಹೆಸರುಗಳು ಕರ್ನಾಟಕದ ಪಟ್ಟಿಯಲ್ಲೂ ಇವೆ. ನಮ್ಮ ಪಾಲು ತಿನ್ನುವವರು ಖಾಲಿ ಹುದ್ದೆ ತುಂಬದವರು. ರಬ್ಬರ್ ತೋಟದ ಹುಡುಗಿ ಅಲ್ಲ.

ಯಶವಂತಪುರಕ್ಕೆ ವಾಪಸ್ ಬರೋಣ. 2020ರ ಮೇ ತಿಂಗಳು ನೆನಪಿದೆಯೇ? ಲಾಕ್‌ಡೌನಿನಲ್ಲಿ ಕೂಲಿಯೂ ಇಲ್ಲ, ಕೂಳೂ ಇಲ್ಲ. ಊರಿಗೆ ಹೋಗ್ತೀವಿ ಅಂದ ಹೊರ ರಾಜ್ಯದ ಕೆಲಸಗಾರರ ರೈಲುಗಳನ್ನು, ಮುಖ್ಯಮಂತ್ರಿ ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ, ನಮ್ಮ ಸರ್ಕಾರ ಬೇಡ ಅಂದಿತು. ದೇಶವೆಲ್ಲ ಛೀ ಅಂದ ಮೇಲೆ ಮತ್ತೆ ಬಿಟ್ಟರು. ನೋಡಿ, ಬೇಡವಾದಾಗ "ಹೊರಗಿನವ, ಹೋಗು". ಬೇಕಾದಾಗ "ಇಲ್ಲೇ ಬಿದ್ದಿರು". ರೂಲ್ಸು ಯಾವತ್ತೂ ಕೆಲಸಗಾರನನ್ನು ಕೇಳಿ ಬದಲಾಗುವುದಿಲ್ಲ. ಒಡೆಯನ ಅನುಕೂಲ ಕೇಳಿ ಬದಲಾಗುತ್ತದೆ.

ಶತಮಾನ ದುಡಿದರೂ ಟೆಂಪರರಿ ಅಂತಲೇ ಕರೆಸಿಕೊಂಡವರು ನಾವು. ಊರು ಕಟ್ಟಿದವರು ಊರ ಹೊರಗೆ. ಆ ಮಾತನ್ನು ಇನ್ನೊಬ್ಬ ಕೂಲಿಯವನ ಮೇಲೆ ನಾವೇ ಹೇಗೆ ಬಳಸೋಣ?

ನಿಮ್ಮ ಹಾಸ್ಟೆಲಿನಲ್ಲಿ ಸುಳ್ಯ ಪುತ್ತೂರು ಕಡೆಯ ಗೆಳೆಯನೋ ಗೆಳತಿಯೋ ಇದ್ದರೆ ಕೂತು ಮಾತಾಡಿಸಿ. ಯಾರ ಸರ್ಟಿಫಿಕೇಟು ಇನ್ನೂ ಬಾಕಿ ಇದೆಯೋ ಅವರ ಜೊತೆ ತಾಲ್ಲೂಕು ಕಚೇರಿಗೆ ಹತ್ತು ಜನ ಹೋಗಿ. ಒಬ್ಬನೇ ಹೋದರೆ ನಾಳೆ ಬಾ ಅಂತಾರೆ. ಹತ್ತು ಜನ ಹೋದರೆ ಕುರ್ಚಿ ಬಿಟ್ಟು ಏಳ್ತಾರೆ.