ಆತ್ಮದ ಬಡತನ ಯಾರಿಗೆ?

ಕಳೆದ ವರ್ಷ ನಮ್ಮ ಬೀದಿಯ ಹೆಂಗಸೊಬ್ಬಳ ಗಂಡ ತೀರಿಕೊಂಡ. 40 ದಿನವೂ ಕಳೆದಿರಲಿಲ್ಲ, ಮೈದುನಂದಿರು ಮನೆಯ ಕಾಗದ ಹಿಡಿದು ಬಂದರು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಮನೆಯೋ ಗಂಡನ ಸ್ವಂತ ಸಂಪಾದನೆಯದು. ಪಾಪ, ಸಭೆಯ ಹಿರಿಯರೊಬ್ಬರ ಹತ್ತಿರ ಹೋಗಿ ಅತ್ತಳು. ಅವರು ಹೇಳಿದರಂತೆ: "ಜಗಳ ಬೇಡಮ್ಮ. ಕ್ರೈಸ್ತ ಹೆಣ್ಣು ಆತ್ಮದಲ್ಲಿ ಬಡವಳಾಗಿರಬೇಕು. ದೇವರ ಮೇಲೆ ಭಾರ ಹಾಕಿ ಸಹಿ ಮಾಡಿಬಿಡು."

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಅದೇ ಚರ್ಚಿನ ಬೆಂಚಿನ ಮೇಲೆ ಕೂತು ಬೆಳೆದವಳು. ಬೆಟ್ಟದ ಮೇಲೆ ಯೇಸು ಮಾಡಿದ ಉಪದೇಶ ಶುರುವಾಗುವುದೇ ಆ ಬಡತನದ ಮಾತಿನಿಂದ; ಮತ್ತಾಯನ 5ನೆಯ ಅಧ್ಯಾಯ ತೆರೆದು ನೋಡಿ. ಅಲ್ಲಿ ಬಡವ ಎಂಬುದಕ್ಕೆ ಬಳಸಿದ ಗ್ರೀಕ್ ಪದ ದುಡಿದು ಹೇಗೋ ಹೊಟ್ಟೆ ಹೊರೆಯುವವನದಲ್ಲ, ಕೈಯೊಡ್ಡಿ ಕೂತ ಭಿಕ್ಷುಕನದು. ನನ್ನದೆಂದು ತೋರಿಸಲು ನನ್ನಲ್ಲಿ ಏನೂ ಇಲ್ಲ, ಮಾಡಿದ ಪುಣ್ಯದ ಲೆಕ್ಕವೂ ಇಲ್ಲ ಎಂದು ದೇವರೆದುರು ಒಪ್ಪಿಕೊಳ್ಳುವುದು ಆತ್ಮದ ಬಡತನ. ದೇವರೆದುರು, ಮೈದುನನೆದುರು ಅಲ್ಲ! ಜಂಭದವರಿಗೆ ಮೊದಲು ಹೇಳಬೇಕಾದ ಮಾತನ್ನು, ಮೊದಲೇ ಕುಗ್ಗಿ ಕೂತವಳ ತಲೆಯ ಮೇಲೆ ಹೇರುವುದು ಯಾವ ಧರ್ಮ?

ಬಡ ವಿಧವೆ ಎರಡು ಕಾಸು ಹಾಕಿದ ಕಥೆಯ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇನೋ ಲೆಕ್ಕವಿಲ್ಲ. ಕಟ್ಟಡ ನಿಧಿಗೆ ಹಣ ಬೇಕಾದಾಗ ಅದು ತಪ್ಪದೆ ಬರುತ್ತದೆ. ಆದರೆ ಮಾರ್ಕನ 12ನೆಯ ಅಧ್ಯಾಯದಲ್ಲಿ ಆ ಕಥೆಗೆ ತುಸು ಮುಂಚೆ, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ್ದಿದೆ. ಅದರ ಮೇಲೆ ನಾನು ಒಂದೇ ಒಂದು ಪ್ರಸಂಗವನ್ನೂ ಕೇಳಿಲ್ಲ.

ಹಾಗಾದರೆ ದೇವರನ್ನು ನೆಚ್ಚುವುದೆಂದರೇನು ಎನ್ನುತ್ತೀರಾ? ಪಂಡಿತಾ ರಮಾಬಾಯಿಯವರನ್ನು ನೋಡಿ. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ಸಣ್ಣ ವಯಸ್ಸಿಗೇ ವಿಧವೆಯಾದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅಲ್ಲಿನ ಸಭೆಯ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆದೂಗಲಿಲ್ಲ. ನನ್ನ ಮನಸ್ಸಾಕ್ಷಿ ನನ್ನದು ಎಂದು ಪತ್ರಗಳಲ್ಲೇ ವಾದಕ್ಕಿಳಿದರು. ಮುಂದೆ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಕ್ಷಾಮಕ್ಕೆ ಸಿಕ್ಕ ಹೆಣ್ಣುಮಕ್ಕಳನ್ನು ಸಾಕಿದರು. ಪ್ರಾರ್ಥನೆಯನ್ನು ಬಿಡಲಿಲ್ಲ. ಜೊತೆಗೇ ಬಾವಿ ತೋಡಿಸಿದರು, ಮಗ್ಗ ಹಾಕಿಸಿದರು, ಹುಡುಗಿಯರಿಗೆ ಅಚ್ಚಿನ ಕೆಲಸ ಕಲಿಸಿದರು. ದೇವರಿಗೆ ತಲೆಬಾಗಿದವಳಿಗೆ ಮನುಷ್ಯರಿಗೆ ಬಗ್ಗುವ ಅಗತ್ಯ ಕಾಣಲಿಲ್ಲ.

ನಮ್ಮ ಬೀದಿಯವಳಿಗೆ ನಾನೇ ಕೇಳಿ ತಿಳಿದು ಒಂದು ಚೀಟಿ ಬರೆದುಕೊಟ್ಟೆ. ಗಂಡ ಉಯಿಲು ಬರೆಯದೆ ಸತ್ತಿದ್ದಾನೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಇಂಥ ಕಡೆ ಕ್ರೈಸ್ತ ವಿಧವೆಗೆ ಮೂರರಲ್ಲೊಂದು ಪಾಲು, ಉಳಿದದ್ದು ಮಕ್ಕಳಿಗೆ. ಮೈದುನಂದಿರಿಗೆ ಬಿಡಿಗಾಸೂ ಇಲ್ಲ.

"ಹಿರಿಯರು ಸಿಟ್ಟಾದರೆ, ಅಕ್ಕಾ?" ಎಂದಳು.

"ಆಗಲಿ ಬಿಡು" ಎಂದೆ.

ಕಾಗದ ಸಹಿಯಿಲ್ಲದೆ ವಾಪಸು ಹೋಯಿತು. ಈಗ ಸ್ತ್ರೀಯರ ಕೂಟದಲ್ಲಿ ನಮ್ಮಿಬ್ಬರ ಪಕ್ಕ ಯಾರೂ ಕೂರುವುದಿಲ್ಲ. ಬೆಂಚು ವಿಶಾಲವಾಗಿದೆ.