ಗೋಣಿಲಿ ಮುಗಿವ ಕೊಂಡಾಟ

"ಪುಚ್ಚೆ ಹೇಳಿರೆ ಎಂಗೊಗೆ ಜೀವ" ಹೇಳುವೋರು ನಮ್ಮ ಊರಿಲಿ ಮನೆಮನೆಲಿಯೂ ಇದ್ದವು. ಮಡಿಲಿಲಿ ಮನುಶುದು, ಹಾಲನ್ನ ಹಾಕುದು, ಪಟ ತೆಗದು ಸ್ಟೇಟಸ್ ಹಾಕುದು. ಒಳ್ಳೆದೇ. ಆದರೆ ಅದೇ ಪುಚ್ಚೆ ಅಟ್ಟಲ್ಲಿ ನಾಲ್ಕು ಕುಂಞಿ ಹಾಕಿಯಪ್ಪಗ ಆ ಕೊಂಡಾಟ ಎಲ್ಲಿಗೆ ಹೋವ್ತು? ಕುಂಞಿಗೊ ಕಣ್ಣು ಬಿಟ್ಟು ಆಡ್ಲೆ ಸುರು ಮಾಡಿಯಪ್ಪಗ ಗೋಣಿಲಿ ತುಂಬುಸಿ ಮೀನು ಮಾರ್ಕೆಟಿನ ಕರೆಲಿ ಬಿಟ್ಟಿಕ್ಕಿ ಬಪ್ಪದು. "ಅಲ್ಲಿ ಹೇಂಗಾದರೂ ಬದ್ಕುಗು" ಅಡ! ಅಬ್ಬೆಯ ಹಾಲು ಬಿಡದ್ದ ಕುಂಞಿ ನಾಯಿಯ ಬಾಯಿಂದ, ಲಾರಿಯ ಚಕ್ರಂದ ತಪ್ಪುಸಿಗೊಂಬದು ಹೇಂಗೆ ಅಕ್ಕಾ?

ಲೆಕ್ಕ ಹಾಕಿ ನೋಡಿ. ಪುಚ್ಚೆಯ ಬಸರು ಬರೇ 2 ತಿಂಗಳಿನದ್ದು. ಹುಟ್ಟಿ 6 ತಿಂಗಳು ಅಪ್ಪಗಳೇ ಅದು ಬಸರಿ ಅಕ್ಕು. ವರ್ಷಕ್ಕೆ 2-3 ಸರ್ತಿ ಹೆತ್ತರೆ ಎಷ್ಟು ಗೋಣಿ ಬೇಕು?

"ಆಪರೇಷನ್ ಮಾಡ್ಸುದು ಪಾಪ, ಅಬ್ಬೆತನ ತಪ್ಪುಸಿದ ಹಾಂಗೆ" ಹೇಳ್ತವು ಕೆಲವು ಜೆನ. ಹೆತ್ತ ಕುಂಞಿಗಳ ಹೊತ್ತೊಂಡು ಹೋಗಿ ಬಿಡುದು ಪುಣ್ಯವೋ? ಮತ್ತೆ ನಾಲ್ಕು ದಿನ ಅಟ್ಟ, ಹಟ್ಟಿ, ಸೌದಿ ಕೊಟ್ಟಗೆ ಎಲ್ಲ ಹುಡ್ಕಿಗೊಂಡು ಕೂಗುವ ಆ ಅಬ್ಬೆಯ ಸ್ವರ ನಿಂಗಳ ಕೆಮಿಗೆ ಬೀಳ್ತಿಲ್ಲೆಯೋ? "ಆಪರೇಷನ್ ಆದರೆ ಎಲಿ ಹಿಡಿತ್ತಿಲ್ಲೆ" ಹೇಳುದುದೇ ಲೊಟ್ಟೆ. ಹಿಡಿವ ಪುಚ್ಚೆ ಹಿಡಿತ್ತು.

ಪಶು ಡಾಕ್ಟ್ರಲ್ಲಿಗೆ ಒಂದರಿ ಕೊಂಡೋಗಿ. ಹುಚ್ಚುನಾಯಿ ರೋಗದ ಇಂಜೆಕ್ಷನ್ನುದೇ ಅಂಬಗಳೇ ಕೇಳಿ. ಅದು ಮನೆಯ ಮಕ್ಕೊಗೂ ಒಳ್ಳೆದು. ಖರ್ಚಿದ್ದು, ಅಪ್ಪು. ಮದುವೆಗೆ ಒಂದು ಸೀರೆ ಕಮ್ಮಿ ಆದರೆ ಸಾಕು.

ಅಷ್ಟೂ ಮಾಡ್ಲೆ ಮನಸ್ಸಿಲ್ಲದ್ರೆ, ದಯಮಾಡಿ ಅದರ ಕೊಂಡಾಟ ಹೇಳಿ ಹೇಳೆಡಿ.